ಅಮ್ಮನಿಗೆ 35ಕ್ಕೆ 11, ಅಪ್ಪಯ್ಯನಿಗೆ 33. ಬದುಕಿನ ತೃಪ್ತಿ ಅಳೆಯೋಕೆ ಆಗುತ್ತಾ?

ಕಾನಂಚಿನ_ಮನೆ (ತೀರ್ಥಹಳ್ಳಿ ಕಡೆ)

ಸ್ವಲ್ಪ ಉದ್ದ ಇದೆ. ಮಳೆಗೆ ಮನೆಯಲ್ಲೇ ಕೂತವರು ಓದಿ.

ಅಕ್ಕನ ಮಗಳು ಶಿವಮೊಗ್ಗದಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ) ಓದುತ್ತಿದ್ದಾಳೆ. ಹಳ್ಳಿಯ ಹಿರಿಯರಿಗೆ ಬದುಕಿನಲ್ಲಿ ಎಷ್ಟು ತೃಪ್ತಿ ಇದೆ ಅಂತ ನೋಡುವ ಪ್ರಾಜೆಕ್ಟ್ ಅಂತೆ. ಕಳೆದ ಭಾನುವಾರ ಗೆಳತಿಯ ಜೊತೆ ಬಂದಳು. ಸ್ವಂತ ಅಜ್ಜ ಅಜ್ಜಿಯನ್ನು ತಾನೇ ಕೇಳಬಾರದು ಅಂತ ನಿಯಮ. ಹಾಗಾಗಿ ಗೆಳತಿ ಜಗಲಿಯಲ್ಲಿ ಕೂತು ಕೇಳಿದಳು, ಇವಳು ಒಳಗೆ ಹಲಸಿನ ಹಪ್ಪಳ ಕರಿದಳು.

ಐದು ವಾಕ್ಯ. ಒಂದೊಂದಕ್ಕೂ 1ರಿಂದ 7. ಒಪ್ಪುವುದೇ ಇಲ್ಲ ಅಂದರೆ 1, ಪೂರ್ತಿ ಒಪ್ಪುತ್ತೇನೆ ಅಂದರೆ 7. ಎಲ್ಲ ಕೂಡಿದರೆ ಹೆಚ್ಚೆಂದರೆ 35.

ಅಪ್ಪಯ್ಯನಿಗೆ ಬಂದಿದ್ದು 33. ಬೆಳಿಗ್ಗೆ ಕಾಫಿ ಬಿಸಿ ಇಲ್ಲ ಅನ್ನುವಲ್ಲಿಂದ ಶುರು ಮಾಡಿ ರಾತ್ರಿ ಟಿವಿಯವರ ಕನ್ನಡ ಸರಿ ಇಲ್ಲ ಅನ್ನುವವರೆಗೆ ಗೊಣಗುವ ಮನುಷ್ಯ ಅವರು. ಅಮ್ಮನಿಗೆ 11. ಆ ಹಾಳೆಯ ಲೆಕ್ಕದಲ್ಲಿ ಅಮ್ಮ 'ಅತೃಪ್ತರು'. ನಮ್ಮ ಮನೆಯಲ್ಲಿ ಏನಾದರೂ ಗುನುಗುತ್ತಾ ಕೆಲಸ ಮಾಡುವವಳು ಇದ್ದರೆ ಅವಳೊಬ್ಬಳೇ.

ನಾನು ಪಕ್ಕದಲ್ಲೇ ಇದ್ದೆ. ಹೇಗಾಯ್ತು ನೋಡಿ.

'ನನ್ನ ಬದುಕು ಬಹುಮಟ್ಟಿಗೆ ಆದರ್ಶಕ್ಕೆ ಹತ್ತಿರ ಇದೆ' ಅಂತ ಹುಡುಗಿ ಓದಿದಳು. ಅಮ್ಮ: "ಆದರ್ಶ ಅಂದ್ರೆ ಸೀತೆ, ಸಾವಿತ್ರಿ. ನಾನೆಲ್ಲಿ ಮಾರಾಯ್ತಿ!" 1.

'ನನ್ನ ಬದುಕಿನ ಪರಿಸ್ಥಿತಿ ಬಹಳ ಚೆನ್ನಾಗಿದೆ.' ಅವತ್ತು ಬೆಳಿಗ್ಗೆಯಷ್ಟೇ ಕೆಳಗಿನ ಅಡಿಕೆ ತೋಟಕ್ಕೆ ಕೊಳೆ ರೋಗ ಬಂದಿದ್ದು ನೋಡಿಕೊಂಡು ಬಂದಿದ್ದೆವು. 2.

'ನನಗೆ ಬದುಕಿನಲ್ಲಿ ತೃಪ್ತಿ ಇದೆ.' "ಇದೆ ಅಂತ ಬಾಯಿಬಿಟ್ಟು ಹೇಳ್ಬಾರ್ದು. ನಡುವೆ ಎಲ್ಲಾದ್ರೂ ಹಾಕು." 4.

'ಇಲ್ಲಿಯವರೆಗೆ ನನಗೆ ಬೇಕಾದ ಮುಖ್ಯವಾದದ್ದೆಲ್ಲ ಸಿಕ್ಕಿದೆ.' ಸ್ವಲ್ಪ ಹೊತ್ತು ಸುಮ್ಮನಿದ್ದು "ಮೂರು ಹಾಕು" ಅಂದಳು.

'ಬದುಕನ್ನು ಇನ್ನೊಮ್ಮೆ ಬದುಕುವ ಅವಕಾಶ ಸಿಕ್ಕರೆ ಏನನ್ನೂ ಬದಲಾಯಿಸುವುದಿಲ್ಲ.' "ಇನ್ನೊಂದು ಜನ್ಮ ಬೇಡವೇ ಬೇಡ." 1.

ಆಮೇಲೆ ಬದುಕಿನ ಅರ್ಥದ ಬಗ್ಗೆ ಬೇರೆ ಹತ್ತು ಪ್ರಶ್ನೆ. 'ನಾನು ನನ್ನ ಬದುಕಿನ ಅರ್ಥವನ್ನು ಹುಡುಕುತ್ತಿದ್ದೇನೆ' ಅಂತ ಓದಿದಾಗ ಅಮ್ಮ "ನಾನು ಬೆಳಿಗ್ಗೆಯಿಂದ ಹುಡುಕ್ತಾ ಇರೋದು ಕನ್ನಡಕ" ಅಂದಳು. ಅದಕ್ಕೆ ಎಷ್ಟು ಹಾಕಿದಳೋ ನನಗೆ ಗೊತ್ತಿಲ್ಲ.

ಎಲ್ಲರೂ ನಕ್ಕೆವು, ಊಟ ಆಯ್ತು, ಹುಡುಗಿಯರು ಬಸ್ಸು ಹತ್ತಿದರು. ಆದರೆ ಆ 11 ನನ್ನ ತಲೆಯಲ್ಲಿ ಕೂತಿದೆ. ಇಂಥ ಅಂಕಿಗೆ ಏನಾದರೂ ಬೆಲೆ ಇದೆಯಾ? ಅಥವಾ ನಮಗೆ ಕಾಣದ್ದು ಆ ಹಾಳೆಗೆ ಕಂಡಿತಾ?

ಗಾಂಧಿಬಜಾರ್

ಗೊಣಗುವವರಿಗೆ 33 ಅಂದರೆ ನಮ್ಮಪ್ಪನಿಗೆ 40 ಬರುತ್ತೆ.

ಮಂಡಿ_ಹುಡುಗ

ಎಲ್ಲ ಸುಮ್ನೆ. ಪ್ರಾಜೆಕ್ಟ್ ಮುಗಿಸಬೇಕು, ಮಾರ್ಕ್ಸ್ ತಗೋಬೇಕು, ಅಷ್ಟೇ. ಮನಸ್ಸಿಗೆ ನಂಬರ್ ಕೊಡೋದು ಅಂದರೆ ಏನು?

ಲೆಕ್ಕದ_ಮೇಷ್ಟ್ರು

ಸುಮ್ನೆ ಅಲ್ಲ. ಆ ಐದು ವಾಕ್ಯದ ಪಟ್ಟಿ ಮನಶ್ಶಾಸ್ತ್ರಜ್ಞ ಎಡ್ ಡೀನರ್ ಮತ್ತು ಜೊತೆಗಾರರು 1985ರಲ್ಲಿ ಮಾಡಿದ್ದು. ಪ್ರಪಂಚದಲ್ಲಿ ತುಂಬಾ ಬಳಕೆಯಲ್ಲಿದೆ. 5ರಿಂದ 9 ಬಂದರೆ ತೀರಾ ಅತೃಪ್ತಿ, 10ರಿಂದ 14 ಅತೃಪ್ತಿ, 20 ಸರಿ ನಡು, 31ರಿಂದ ಮೇಲೆ ತುಂಬಾ ತೃಪ್ತಿ. ಡೀನರ್ ಅವರ ವಾದ ಸರಳ. ಒಬ್ಬನ ಬದುಕು ಚೆನ್ನಾಗಿದೆಯೋ ಇಲ್ಲವೋ ಅಂತ ಡಾಕ್ಟರೋ ಸರ್ಕಾರವೋ ಹೇಳುವುದು ಬೇಡ, ಅವನನ್ನೇ ಕೇಳೋಣ. ಆದಾಯ, ಮನೆ, ಆರೋಗ್ಯ ಇವುಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಅನ್ನುವುದನ್ನು ಅವನೇ ತೀರ್ಮಾನಿಸಲಿ. ನನಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಅರ್ಥದ ಹತ್ತು ಪ್ರಶ್ನೆ ಅಂದಿರಲ್ಲ, ಅದು ಬಹುಶಃ ಮೈಕೆಲ್ ಸ್ಟೀಗರ್ 2006ರಲ್ಲಿ ಮಾಡಿದ್ದು. ಅದರಲ್ಲಿ ಐದು ಪ್ರಶ್ನೆ 'ಬದುಕಿಗೆ ಅರ್ಥ ಇದೆ ಅನ್ನಿಸುತ್ತಾ' ಅನ್ನುವುದಕ್ಕೆ, ಐದು 'ಹುಡುಕುತ್ತಾ ಇದ್ದೀರಾ' ಅನ್ನುವುದಕ್ಕೆ. ಎರಡನ್ನೂ ಕೂಡಿಸುವ ಹಾಗಿಲ್ಲ, ಬೇರೆ ಬೇರೆ ಲೆಕ್ಕ.

ಇನ್ನು ನಿಮ್ಮ ಅಮ್ಮನ 11. ಇವು ನೂರಾರು ಜನರನ್ನು ಕೇಳಿ ಗುಂಪು ಗುಂಪನ್ನು ಹೋಲಿಸೋಕೆ ಒಳ್ಳೆಯ ಸಾಧನ. ಒಬ್ಬರನ್ನು ಒಂದು ಸಲ, ಅದೂ ಹಪ್ಪಳದ ವಾಸನೆಯ ನಡುವೆ ಕೇಳಿ, ಅವರ ಬದುಕು ಇಷ್ಟೇ ಅನ್ನೋಕೆ ಅಲ್ಲ.

ಮಂಡಿ_ಹುಡುಗ

ಮೇಷ್ಟ್ರೇ, ಒಬ್ಬರಿಗೆ ತಪ್ಪು ಬಂದರೆ ನೂರು ಜನಕ್ಕೆ ನೂರು ತಪ್ಪು. ಕೂಡಿಸಿದರೆ ಹೇಗೆ ಸರಿಯಾಗುತ್ತೆ?

ಲೆಕ್ಕದ_ಮೇಷ್ಟ್ರು

ನೀವು ಅಡಿಕೆ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಇಡೀ ಚೀಲಕ್ಕೆ ರೇಟು ಕಟ್ಟುವುದಿಲ್ಲವಾ? ಒಂದು ಹಿಡಿಯಲ್ಲಿ ತಪ್ಪಬಹುದು. ಇಪ್ಪತ್ತು ಚೀಲ ನೋಡಿದ ಮೇಲೆ ತೋಟ ಎಂಥದ್ದು ಅಂತ ಗೊತ್ತಾಗುತ್ತೆ ತಾನೇ. ಒಬ್ಬ ಮೇಲೆ ತಪ್ಪಿದರೆ ಇನ್ನೊಬ್ಬ ಕೆಳಗೆ ತಪ್ಪುತ್ತಾನೆ.

ಮಂಡಿ_ಹುಡುಗ

ಅಡಿಕೆ ಸುಳ್ಳು ಹೇಳಲ್ಲ ಮೇಷ್ಟ್ರೇ. ಚೀಲ ತುಂಬಿದವನು ಹೇಳ್ತಾನೆ. ಮೇಲೆ ರಾಶಿ, ಅಡಿಯಲ್ಲಿ ಗೊರಬಲು. ಒಳ್ಳೆ ಅಡಿಕೆ ಮೇಲೆ, ಕಳಪೆ ಕೆಳಗೆ. ಕಾನಂಚಿನವರ ಅಪ್ಪಯ್ಯ ಮಾಡಿದ್ದು ಅದೇ. ಎಲ್ಲರೂ ಒಂದೇ ಕಡೆಗೆ ತಪ್ಪಿದರೆ ನಿಮ್ಮ ಲೆಕ್ಕ ನಿಲ್ಲುತ್ತಾ?

ಲೆಕ್ಕದ_ಮೇಷ್ಟ್ರು

ಇಲ್ಲ. ಆ ಮಾತು ಸರಿ, ಒಪ್ಪಿದೆ.

ಮಳೆಕೋಳಿ (ಆಗುಂಬೆ)

ಮಳೆಗಾಲದಲ್ಲಿ ಕೇಳಿದ್ದೇ ತಪ್ಪು! 1983ರಲ್ಲಿ ಶ್ವಾರ್ಜ್ ಮತ್ತು ಕ್ಲೋರ್ ಅಂತ ಇಬ್ಬರು ಅಮೆರಿಕದಲ್ಲಿ ಫೋನ್ ಮಾಡಿ ಜನರನ್ನು ಬದುಕು ಹೇಗಿದೆ ಅಂತ ಕೇಳಿದ್ದರು. ಬಿಸಿಲು ಇದ್ದ ದಿನ ತೃಪ್ತಿ ಜಾಸ್ತಿ, ಮಳೆ ದಿನ ಕಮ್ಮಿ. ಅವರಿಗೇ ಹಾಗಾದರೆ ನಮಗೆ? ಪುನರ್ವಸು ಶುರುವಾದಾಗಿನಿಂದ ಬಟ್ಟೆ ಒಣಗಿಲ್ಲ. ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿದ ಬನಿಯನ್ ಹಾಕಿಕೊಂಡು ಹೊಗೆ ವಾಸನೆಯಲ್ಲಿ ಕೂತವನನ್ನು ಯಾರಾದರೂ 'ನಿಮ್ಮ ಬದುಕು ಆದರ್ಶವಾ' ಅಂತ ಕೇಳಿದರೆ ನಾನು ಹಾಳೆಯನ್ನೇ ಒಲೆಗೆ ಹಾಕುತ್ತೇನೆ.

ಲೆಕ್ಕದ_ಮೇಷ್ಟ್ರು

ಅರ್ಧ ಮಾತ್ರ ಹೇಳಿದಿರಿ. ಅದೇ ಅಧ್ಯಯನದಲ್ಲಿ ಮೊದಲು 'ನಿಮ್ಮ ಕಡೆ ಹವಾಮಾನ ಹೇಗಿದೆ' ಅಂತ ಕೇಳಿ ಆಮೇಲೆ ಬದುಕಿನ ಬಗ್ಗೆ ಕೇಳಿದವರಲ್ಲಿ ವ್ಯತ್ಯಾಸ ಹೋಗಿಬಿಟ್ಟಿತ್ತು. ಬೇಸರ ಮಳೆಯದ್ದು, ಬದುಕಿನದ್ದಲ್ಲ ಅಂತ ಜನರಿಗೇ ಹೊಳೆಯಿತು. ಇನ್ನೊಂದು ವಿಷಯ. 2013ರಲ್ಲಿ ಸುಮಾರು ಹತ್ತು ಲಕ್ಷ ಅಮೆರಿಕನ್ನರ ಉತ್ತರಗಳನ್ನು ಹವಾಮಾನದ ಜೊತೆ ಇಟ್ಟು ನೋಡಿದಾಗ ಹೇಳಿಕೊಳ್ಳುವಂಥ ಪರಿಣಾಮವೇ ಕಾಣಲಿಲ್ಲ. ಚಿಕ್ಕ ಅಧ್ಯಯನ ಹೆಸರು ಮಾಡುತ್ತೆ, ದೊಡ್ಡದು ಬಂದು ತಣ್ಣೀರು ಹಾಕುತ್ತೆ.

ಮಳೆಕೋಳಿ

ಆ ಹತ್ತು ಲಕ್ಷದಲ್ಲಿ ಆಗುಂಬೆಯವರು ಒಬ್ಬರೂ ಇರಲಿಲ್ಲ. ನನ್ನ ವಾದ ಹಾಗೇ ಇದೆ.

ಕನ್ನಡಿ_ಕನ್ನಡ (ಶಿವಮೊಗ್ಗ)

ನಾನು ಇಂಥ ಕೆಲವು ಪಟ್ಟಿಗಳನ್ನು ಕನ್ನಡಕ್ಕೆ ತಂದಿದ್ದೇನೆ, ಹಾಗಾಗಿ ಹೊಟ್ಟೆ ಉರಿದು ಬರೆಯುತ್ತಿದ್ದೇನೆ. ನಿಮ್ಮ ಅಮ್ಮನ ತಪ್ಪಲ್ಲ, ಹುಡುಗಿಯ ತಪ್ಪೂ ಅಲ್ಲ. ಆ ಹಾಳೆಯ ಕನ್ನಡದ ತಪ್ಪು.

'ಆದರ್ಶ' ನೋಡಿ. ಮೂಲದಲ್ಲಿ ಕೇಳಿದ್ದು 'ನೀವು ಹೇಗಿರಬೇಕು ಅಂದುಕೊಂಡಿದ್ದಿರೋ ಹೆಚ್ಚುಕಮ್ಮಿ ಹಾಗೇ ಇದ್ದೀರಾ' ಅಂತ. ನಮ್ಮಲ್ಲಿ ಆದರ್ಶ ಅಂದ ತಕ್ಷಣ ಗೋಡೆಗೆ ಹಾಕುವ ಫೋಟೋ ನೆನಪಾಗುತ್ತೆ. ಮರ್ಯಾದಸ್ಥ ಹೆಂಗಸು ಅದಕ್ಕೆ 1 ಹಾಕದೆ ಇನ್ನೇನು ಮಾಡುತ್ತಾಳೆ?

'ಅರ್ಥ' ಇನ್ನೂ ಕಷ್ಟ. ಒಬ್ಬ ಅಜ್ಜ ನನ್ನನ್ನು ಕೇಳಿದ್ದರು, "ಬದುಕಿಗೆ ಅರ್ಥ ಅಂದ್ರೆ ಎಂತ? ಪದಕ್ಕೆ ಅರ್ಥ ಇರ್ತದೆ." ನಾನು ಉತ್ತರ ಕೊಡದೆ ಕೂತೆ. ಆಮೇಲೆ 'ಸಾರ್ಥಕ' ಅಂತ ಬದಲಾಯಿಸಿದೆವು. ಅದು ಎಲ್ಲರಿಗೂ ತಿಳಿಯುವ ಪದ. ಆದರೆ ಅದರ ಜೊತೆ ಬೇರೆ ತಾಪತ್ರಯ ಬಂತು. ಸಾರ್ಥಕ ಅನ್ನುವುದನ್ನು ನಾವು ಏನಾದರೂ ಮುಗಿದ ಮೇಲೆ ಹೇಳುತ್ತೇವೆ. ಮಗಳ ಮದುವೆ ಆಯ್ತು, ಸಾರ್ಥಕ. ಕಾಶಿಗೆ ಹೋಗಿ ಬಂದೆ, ಸಾರ್ಥಕ. ಇಪ್ಪತ್ತೈದರ ಹುಡುಗನಿಗೆ 'ನಿನ್ನ ಬದುಕು ಸಾರ್ಥಕವಾ' ಅಂದರೆ 'ಇನ್ನೂ ಶುರುವೇ ಆಗಿಲ್ಲ ಮೇಡಂ' ಅನ್ನುತ್ತಾನೆ.

ತೃಪ್ತಿ, ಸಮಾಧಾನ, ನೆಮ್ಮದಿ, ಖುಷಿ. ಇವು ನಾಲ್ಕೂ ಬೇರೆ. ಇಲ್ಲದವನು ಇರುವುದರಲ್ಲೇ ತಂದುಕೊಳ್ಳುವುದು ಸಮಾಧಾನ. ಸಾಲ ತೀರಿದ ರಾತ್ರಿ ಬರುವ ನಿದ್ದೆ ನೆಮ್ಮದಿ. ಒಂದೇ ಮನುಷ್ಯನಿಗೆ ಒಂದೇ ದಿನ ಒಂದು ಇದ್ದು ಇನ್ನೊಂದು ಇಲ್ಲದಿರಬಹುದು.

ಸರಿಯಾದ ಕ್ರಮ ಅಂದರೆ ಒಬ್ಬರು ಕನ್ನಡಕ್ಕೆ ತರಬೇಕು, ಮೂಲ ನೋಡದ ಇನ್ನೊಬ್ಬರು ವಾಪಸ್ ಇಂಗ್ಲಿಷಿಗೆ ಒಯ್ಯಬೇಕು, ಎರಡನ್ನೂ ಹೋಲಿಸಬೇಕು. ಅದಕ್ಕಿಂತ ಮುಖ್ಯವಾಗಿ ನಾಲ್ಕು ಜನ ಅಜ್ಜಿಯರಿಗೆ ಓದಿ ಹೇಳಿ 'ಇದನ್ನು ಕೇಳಿದರೆ ನಿಮಗೆ ಏನು ಅನ್ನಿಸಿತು' ಅಂತ ವಿಚಾರಿಸಬೇಕು. ಆ ನಾಲ್ಕನೇ ಹೆಜ್ಜೆಗೆ ಯಾರಿಗೂ ಪುರುಸೊತ್ತು ಇರುವುದಿಲ್ಲ.

ಗಾಂಧಿಬಜಾರ್

ತೃಪ್ತಿ ಅಂದರೆ ನನಗೆ ಊಟದ ಎಲೆ ಮುಂದೆ ಮಾತ್ರ ನೆನಪಾಗುವ ಪದ. 'ತೃಪ್ತಿಯಾಯ್ತಾ? ಇನ್ನೊಂದು ಹೋಳಿಗೆ?'

ಕನ್ನಡಿ_ಕನ್ನಡ

ಅದೇ ಹೇಳಿದ್ದು. ಎಲೆ ಮುಂದೆ ಕೂತವನು 'ಸಾಕು' ಅನ್ನಲೇಬೇಕು, ಬಡಿಸುವವನು ನಂಬಬಾರದು. ಅದು ನಮ್ಮ ಶಿಷ್ಟಾಚಾರ. ಇಂಥವರ ಕೈಗೆ 1ರಿಂದ 7 ಕೊಟ್ಟರೆ ಹೀಗೇ ಆಗೋದು.

ದಣಪೆ_ದಾಟಿದವಳು (ಹೊಸನಗರ)

ನಾನು ಆರೋಗ್ಯದ ಸರ್ವೆಗೆ ಮನೆ ಮನೆ ತಿರುಗಿದವಳು. ಪದಕ್ಕಿಂತ ದೊಡ್ಡ ವಿಷಯ ಇದೆ, ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನೋದು.

ನಮ್ಮ ಕಡೆ ಜಗಲಿಯಲ್ಲಿ ಒಬ್ಬರನ್ನೇ ಕೂರಿಸಿ ಮಾತಾಡಿಸೋಕೆ ಆಗುತ್ತಾ? ಅತ್ತೆ ಬರುತ್ತಾರೆ, ಪಕ್ಕದ ಮನೆಯವರು ಬರುತ್ತಾರೆ, ನಾಯಿ ಬರುತ್ತೆ. ಒಂದು ಮನೆಯಲ್ಲಿ ಸೊಸೆಯನ್ನು ಕೇಳುತ್ತಿದ್ದೆ. ಎಲ್ಲದಕ್ಕೂ 6, 6, 6. ಅರ್ಧಕ್ಕರ್ಧ ಉತ್ತರ ಅತ್ತೆಯೇ ಕೊಟ್ಟರು: "ಅವಳಿಗೆಂತ ಕಮ್ಮಿ, ಆರು ಹಾಕಿ." ಹೊರಟಾಗ ದಣಪೆ, ಅಂದರೆ ಬೇಲಿಯ ಗೇಟು, ತೆಗೆಯೋಕೆ ಅಂತ ಆ ಹುಡುಗಿ ಜೊತೆಗೆ ಬಂದಳು. ಜಗಲಿಯಿಂದ ದಣಪೆಗೆ ಐವತ್ತು ಹೆಜ್ಜೆ. ಅಷ್ಟರಲ್ಲಿ ಅವಳು ಹೇಳಿದ್ದನ್ನು ಬರೆಯೋಕೆ ನನ್ನ ಹಾಳೆಯಲ್ಲಿ ಜಾಗ ಇರಲಿಲ್ಲ. ಬರೆಯಲೂ ಇಲ್ಲ. ಆರೇ ಹೋಯ್ತು ಮೇಲಕ್ಕೆ.

ಇನ್ನೊಂದು ಕೇಳಬೇಕಿತ್ತು. ಕಾನಂಚಿನ ಮನೆಯವರೇ, ತೃಪ್ತಿ ಪ್ರಶ್ನೆಗಿಂತ ಮುಂಚೆ ಏನು ಕೇಳಿದರು?

ಕಾನಂಚಿನ_ಮನೆ

ಮೊದಲ ಪುಟದಲ್ಲಿ ಕಾಯಿಲೆಗಳ ಪಟ್ಟಿ. ಬಿಪಿ, ಶುಗರ್, ಮಂಡಿನೋವು. ಆಮೇಲೆ ಮಕ್ಕಳು ಎಲ್ಲಿದ್ದಾರೆ, ವರ್ಷಕ್ಕೆ ಎಷ್ಟು ಸಲ ಬರುತ್ತಾರೆ. ತಮ್ಮ ಬೆಂಗಳೂರಲ್ಲಿ ಇದ್ದಾನೆ, ಎರಡು ವರ್ಷದಿಂದ ಹಬ್ಬಕ್ಕೆ ಬಂದಿಲ್ಲ. ಆಮೇಲೆ ಈ ಐದು.

ದಣಪೆ_ದಾಟಿದವಳು

ನೋಡಿ. ಮಂಡಿನೋವು, ಬಾರದ ಮಗ, ಆಮೇಲೆ 'ತೃಪ್ತಿ ಇದೆಯಾ'. ಯಾರಾದರೂ ಏನು ಹೇಳಬೇಕು?

ಲೆಕ್ಕದ_ಮೇಷ್ಟ್ರು

ಇದಕ್ಕೆ ಪ್ರಯೋಗವೇ ಇದೆ. 1988ರಲ್ಲಿ ಕಾಲೇಜು ಹುಡುಗರನ್ನು ಎರಡು ಗುಂಪು ಮಾಡಿ ಎರಡು ಪ್ರಶ್ನೆ ಕೇಳಿದರು. ಎಷ್ಟು ಖುಷಿ ಇದ್ದೀರಿ, ಮತ್ತು ತಿಂಗಳಿಗೆ ಎಷ್ಟು ಸಲ ಜೋಡಿಯಾಗಿ ಸುತ್ತಾಡಲು ಹೋಗುತ್ತೀರಿ. ಖುಷಿಯ ಪ್ರಶ್ನೆ ಮೊದಲು ಬಂದಾಗ ಎರಡಕ್ಕೂ ಸಂಬಂಧವೇ ಇರಲಿಲ್ಲ. ಸುತ್ತಾಟದ ಪ್ರಶ್ನೆ ಮೊದಲು ಬಂದಾಗ ಗಟ್ಟಿ ಸಂಬಂಧ ಕಾಣಿಸಿತು. ತೃಪ್ತಿಯ ಪ್ರಶ್ನೆಯನ್ನು ಮೊದಲ ಪುಟಕ್ಕೆ ತನ್ನಿ ಅಂತ ಸೊಸೆಗೆ ಹೇಳಿ.

ಕಾನಂಚಿನ_ಮನೆ

ಸೊಸೆ ಅಲ್ಲ ಮೇಷ್ಟ್ರೇ, ಅಕ್ಕನ ಮಗಳು.

ಲೆಕ್ಕದ_ಮೇಷ್ಟ್ರು

ನಮ್ಮ ಕಡೆ ಅಕ್ಕನ ಮಗಳಿಗೂ ಸೊಸೆ ಅಂತಲೇ ಹೇಳೋದು ಸ್ವಾಮಿ. ಇರಲಿ.

ಕೊಪ್ಪದ_ಕಾಫಿ

ಇಷ್ಟೆಲ್ಲ ದೋಷ ಇದ್ದರೆ ದೇಶ ದೇಶಗಳಿಗೆ ರ‍್ಯಾಂಕ್ ಕೊಡುತ್ತಾರಲ್ಲ, ಅದು ಹೇಗೆ? 2025ರ ವಿಶ್ವ ಸಂತೋಷ ಪಟ್ಟಿಯಲ್ಲಿ ಫಿನ್ಲೆಂಡ್ ಮೊದಲು, ನಾವು 147ರಲ್ಲಿ 118. ಯಾರೋ ಹೊರಗಡೆಯವರು ಕೂತು ನಮಗೆ ಮಾರ್ಕ್ಸ್ ಹಾಕುವುದು ಅಂದರೆ ನನಗೆ ಮೈ ಉರಿಯುತ್ತೆ.

ಲೆಕ್ಕದ_ಮೇಷ್ಟ್ರು

ಹೊರಗಿನವರು ಹಾಕಿದ್ದಲ್ಲ, ನಮ್ಮವರೇ ಹಾಕಿಕೊಂಡಿದ್ದು. ಹೆಚ್ಚಿನ ದೇಶಗಳಲ್ಲಿ ವರ್ಷಕ್ಕೆ ಸುಮಾರು ಸಾವಿರ ಜನರನ್ನು ಗ್ಯಾಲಪ್ ಅನ್ನುವ ಸಮೀಕ್ಷೆ ಸಂಸ್ಥೆಯವರು ಕೇಳುತ್ತಾರೆ. ಒಂದು ಏಣಿ ಇದೆ ಅಂದುಕೊಳ್ಳಿ, ಕೆಳಗೆ 0, ಮೇಲೆ 10. ತುದಿಯಲ್ಲಿ ನಿಮಗೆ ಸಾಧ್ಯವಿರುವ ಅತಿ ಒಳ್ಳೆಯ ಬದುಕು, ಬುಡದಲ್ಲಿ ಅತಿ ಕೆಟ್ಟದ್ದು. ಈಗ ಎಷ್ಟನೇ ಮೆಟ್ಟಿಲಲ್ಲಿ ನಿಂತಿದ್ದೀರಿ? ಹ್ಯಾಡ್ಲಿ ಕ್ಯಾಂಟ್ರಿಲ್ ಅನ್ನುವವರು 1965ರಲ್ಲೇ ಬರೆದ ಪ್ರಶ್ನೆ ಇದು. ಮೂರು ವರ್ಷದ ಸರಾಸರಿ ತೆಗೆದು ಪಟ್ಟಿ ಮಾಡುತ್ತಾರೆ.

ಮಂಡಿ_ಹುಡುಗ

ಮಲೆನಾಡಲ್ಲಿ ಏಣಿ ಅಂದರೆ ಬೀಳೋ ವಸ್ತು. ಅದರ ತುದಿಯಲ್ಲಿ ನೆಮ್ಮದಿ ಇದೆ ಅಂದರೆ ಅಡಿಕೆ ಕೊನೆ ಕೊಯ್ಯುವ ಯಾವ ಕೊನೆಗಾರನೂ ನಂಬಲ್ಲ.

ಗಾಂಧಿಬಜಾರ್

ಭೂತಾನ್ ಮಾದರಿ ತರಬೇಕು. ಅಲ್ಲಿ ಸರ್ಕಾರವೇ ಖುಷಿ ಅಳೆಯುತ್ತೆ.

ಲೆಕ್ಕದ_ಮೇಷ್ಟ್ರು

ಅವರದು 9 ವಿಭಾಗ, 33 ಸೂಚಕ. ನಿದ್ದೆ ಎಷ್ಟು, ನೆರೆಹೊರೆ ಹೇಗಿದೆ, ಕಾಡುಪ್ರಾಣಿಯಿಂದ ಬೆಳೆ ಹಾಳಾಗಿದೆಯಾ, ಅದನ್ನೂ ಕೇಳುತ್ತಾರೆ.

ಮಳೆಕೋಳಿ

ಕಾಡುಪ್ರಾಣಿ ಪ್ರಶ್ನೆ ಇದೆಯಾ! ಅದೊಂದೇ ಸಾಕು ನಮಗೆ. ಮಂಗ 1, ಹಂದಿ 1, ಕಾಡುಕೋಣ 1. ಒಟ್ಟು 3.

ಉಕ್ಕಿನೂರು (ಭದ್ರಾವತಿ)

ನಗು ಬಿಟ್ಟು ಒಂದು ವಿಷಯ ಹೇಳುತ್ತೇನೆ. ತೃಪ್ತಿ ಬೇರೆ, ಅರ್ಥ ಬೇರೆ ಅಂತ ಎರಡು ಹಾಳೆ ಮಾಡಿದ್ದು ಸರಿಯೇ ಇದೆ. ನನಗೆ ಅದು ಅಪ್ಪನನ್ನು ನೋಡಿ ಗೊತ್ತಾಯ್ತು.

ಅಪ್ಪ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಇದ್ದರು. ಮುಚ್ಚಿತು. ದುಡ್ಡು ಬಂತು, ಮನೆ ಇತ್ತು, ನಾನು ಮತ್ತು ತಂಗಿ ದುಡಿಯುತ್ತಿದ್ದೆವು. ಆ ಐದು ಪ್ರಶ್ನೆ ಕೇಳಿದ್ದರೆ ಅಪ್ಪ ಸುಳ್ಳು ಹೇಳದೆಯೇ 28 ಹಾಕುತ್ತಿದ್ದರು. ಏನೂ ಕಮ್ಮಿ ಇರಲಿಲ್ಲ. ಆದರೆ ಸೈರನ್ ನಿಂತು ವರ್ಷ ಕಳೆದರೂ ಮೊದಲ ಶಿಫ್ಟ್ ಹೊತ್ತಿಗೆ ಎದ್ದು, ಸ್ನಾನ ಮಾಡಿ, ಶರ್ಟ್ ಹಾಕಿಕೊಂಡು ವರಾಂಡದಲ್ಲಿ ಕೂರುತ್ತಿದ್ದರು. ಎಲ್ಲಿಗೆ ಅಂತ ಕೇಳಿದರೆ "ಎಲ್ಲಿಗೂ ಇಲ್ಲ". ಅದೇ ಹೊತ್ತಲ್ಲಿ ಎದುರು ಮನೆಯ ಆಂಟಿ ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತಿದ್ದರು. ನಿದ್ದೆ ಇಲ್ಲ, ದುಡ್ಡಿಲ್ಲ, ದಿನಾ ಅಳು. ಅವರನ್ನು ಕೇಳಿದರೆ ತೃಪ್ತಿ 8 ಬರುತ್ತಿತ್ತೇನೋ. ಆದರೆ ಬೆಳಿಗ್ಗೆ ಯಾಕೆ ಏಳಬೇಕು ಅನ್ನುವ ಪ್ರಶ್ನೆ ಅವರಿಗೆ ಒಂದು ದಿನವೂ ಬರಲಿಲ್ಲ.

ಒಂದೇ ಹಾಳೆ ಹಿಡಿದಿದ್ದರೆ ಸರ್ವೆಯವರು ಅಪ್ಪ ಸರಿ ಇದ್ದಾರೆ ಅಂತ ಬರೆದು ಮುಂದಿನ ಮನೆಗೆ ಹೋಗುತ್ತಿದ್ದರು.

ಕನ್ನಡಿ_ಕನ್ನಡ

ನೀವು ಹೇಳಿದ್ದು ದೊಡ್ಡ ಲೆಕ್ಕದಲ್ಲೂ ಕಾಣುತ್ತೆ. ಒಯಿಶಿ ಮತ್ತು ಡೀನರ್ 2014ರಲ್ಲಿ 132 ದೇಶಗಳ ಉತ್ತರ ನೋಡಿದರು. ತೃಪ್ತಿಯಲ್ಲಿ ಶ್ರೀಮಂತ ದೇಶಗಳು ಮುಂದೆ. ಆದರೆ 'ನಿಮ್ಮ ಬದುಕಿಗೆ ಒಂದು ಉದ್ದೇಶ ಇದೆ ಅನ್ನಿಸುತ್ತಾ' ಅಂದಾಗ ಹೌದು ಅಂದವರು ಬಡ ದೇಶಗಳಲ್ಲೇ ಜಾಸ್ತಿ. ಅಲ್ಲಿ ದೇವರು ದಿಂಡರ ಮೇಲಿನ ನಂಬಿಕೆ ಗಟ್ಟಿ ಇರುವುದೂ ಒಂದು ಕಾರಣ ಅಂತ ಅವರು ತೋರಿಸಿದರು.

ಹುಡುಕಾಟದ ಬಗ್ಗೆಯೂ ಒಂದು ಮಾತು. ಅಮೆರಿಕದಲ್ಲಿ ಅರ್ಥ ಹುಡುಕುತ್ತಾ ಇರುವವರು ಅಂದರೆ ಸಾಮಾನ್ಯವಾಗಿ ಅದು ಸಿಗದೆ ಇರುವವರು. ಜಪಾನಿನಲ್ಲಿ ಹಾಗಲ್ಲ. ಇರುವವರೇ ಇನ್ನೂ ಹುಡುಕುತ್ತಾರೆ. ಇದು ಸ್ಟೀಗರ್ ಅವರೇ 2008ರಲ್ಲಿ ಕಂಡುಕೊಂಡಿದ್ದು. ನಮ್ಮ ಕಡೆ ಹೇಗಿದೆ ಅನ್ನುವುದು ಕನ್ನಡಕ ಹುಡುಕುವ ಅಮ್ಮಂದಿರನ್ನು ಕೇಳಿದರೆ ಗೊತ್ತಾಗಬಹುದು.

ಕೊಪ್ಪದ_ಕಾಫಿ

ಬಡವರಿಗೆ ಅರ್ಥ ಜಾಸ್ತಿ ಅನ್ನೋ ಮಾತು ಅಪಾಯ ಮಾರಾಯ್ರೇ. ನಾಳೆ ಯಾವನಾದರೂ 'ಅವರಿಗೆ ರಸ್ತೆ ಬೇಡ, ಅರ್ಥ ಇದೆ' ಅಂದುಬಿಡುತ್ತಾನೆ.

ಹಿನ್ನೀರು_ತುಮರಿ

ಹಾಗೆ ಹೇಳಿದ್ದಾರೆ ಸ್ವಾಮಿ, ಬಹಳ ವರ್ಷ. 'ನಿಮ್ಮ ದ್ವೀಪ ಎಷ್ಟು ಚಂದ, ಲಾಂಚ್ ಎಷ್ಟು ಚಂದ' ಅಂತ ಫೋಟೋ ಹೊಡೆದುಕೊಂಡು ಹೋದವರೆಲ್ಲ ಹೇಳಿದ್ದು ಇದನ್ನೇ. ಸಂಜೆ ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದವರ ಮನೆಯಲ್ಲಿ ಕೇಳಬೇಕಿತ್ತು ತೃಪ್ತಿ ಎಷ್ಟು ಅಂತ.

ಆ ಐದನೇ ಪ್ರಶ್ನೆ ನನಗೆ ಹಿಡಿಸಲಿಲ್ಲ. 'ಏನನ್ನೂ ಬದಲಾಯಿಸುವುದಿಲ್ಲ' ಅಂತೆ. ನಮ್ಮಜ್ಜನ ಊರು ಲಿಂಗನಮಕ್ಕಿ ನೀರಲ್ಲಿ ಮುಳುಗಿತು. 1964ರಲ್ಲಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಅವರು ಗಂಟುಮೂಟೆ ಕಟ್ಟಿ ಗುಡ್ಡದ ಮೇಲೆ ಬಂದಿದ್ದರು. ಬದಲಾಯಿಸುವುದು, ಬಿಡುವುದು ಅವರ ಕೈಯಲ್ಲಿ ಯಾವಾಗ ಇತ್ತು?

ಗಾಂಧಿಬಜಾರ್

ಈಗ ನಿಮ್ಮ ಹಿನ್ನೀರಿಗೆ ಸೇತುವೆ ಆಯ್ತಲ್ಲ, ಖುಷಿ ಜಾಸ್ತಿ ಆಗಿದೆಯಾ?

ಹಿನ್ನೀರು_ತುಮರಿ

2025ರ ಜುಲೈ 14ಕ್ಕೆ ಉದ್ಘಾಟನೆ ಆದಾಗ ಆ ವಾರ ಪೂರ್ತಿ ನಮ್ಮಲ್ಲಿ ಎಲ್ಲರೂ ಸುಮ್ನೆ ಆಚೆ ಈಚೆ ಓಡಾಡಿದೆವು, ಕೆಲಸ ಇಲ್ಲದಿದ್ದರೂ. ಈಗ ಯಾರೂ ಅದರ ಮಾತೇ ಆಡುವುದಿಲ್ಲ. ಟೂರಿಸ್ಟ್ ಕಾರುಗಳ ಹಾರ್ನ್ ಜಾಸ್ತಿ ಆಯ್ತು ಅಂತ ಬೈಯುತ್ತೇವೆ.

ಮಂಡಿ_ಹುಡುಗ

ಅದಕ್ಕೇ ಹೇಳೋದು. ಲಾಟರಿ ಹೊಡೆದವರೂ ಅಪಘಾತದಲ್ಲಿ ಕಾಲು ಹೋದವರೂ ಸ್ವಲ್ಪ ದಿನಕ್ಕೆ ಒಂದೇ ಸಮ ಆಗ್ತಾರಂತೆ. ಎಲ್ಲೋ ಓದಿದ್ದೆ.

ಲೆಕ್ಕದ_ಮೇಷ್ಟ್ರು

ಎಲ್ಲರೂ ಅದನ್ನು ತಪ್ಪಾಗಿಯೇ ಓದಿದ್ದಾರೆ. 1978ರ ಅಧ್ಯಯನ. ಲಾಟರಿಯವರು ಬರೀ 22 ಜನ, ಅಪಘಾತದವರು 29. ಅದರಲ್ಲೂ ಅಪಘಾತದವರ ಖುಷಿ ಉಳಿದವರಿಗಿಂತ ಸ್ಪಷ್ಟವಾಗಿ ಕಮ್ಮಿಯೇ ಇತ್ತು. ಜನ ಊಹಿಸಿದಷ್ಟು ಕಮ್ಮಿ ಇರಲಿಲ್ಲ ಅನ್ನೋದು ನಿಜ. 'ಒಂದೇ ಸಮ' ಅನ್ನೋದು ಆಮೇಲೆ ಹುಟ್ಟಿದ ಕಥೆ.

ಉಕ್ಕಿನೂರು

ಹೌದು. ಎಲ್ಲಕ್ಕೂ ಹೊಂದಿಕೊಳ್ಳುತ್ತಾರೆ ಅನ್ನುವುದು ಸುಳ್ಳು. ಕೆಲಸ ಹೋದವರ ಮನೆಯಲ್ಲಿ ಬೆಳೆದವರಿಗೆ ಗೊತ್ತು.

ಮಳೆಕೋಳಿ

ಕಾನಂಚಿನವರೇ, ಕೊಳೆ ಬಂತು ಅಂದಿರಲ್ಲ, ಔಷಧಿ ಹೊಡೆದಿದ್ದು ಎಷ್ಟು ಸಲ? ಸುಣ್ಣ ಎಷ್ಟು ಹಾಕಿದಿರಿ?

ಕಾನಂಚಿನ_ಮನೆ

ಒಂದೇ ಸಲ. ಮಳೆ ಬಿಡಲಿಲ್ಲ. 100 ಲೀಟರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ಮಾಮೂಲಿ ಲೆಕ್ಕ.

ಮಳೆಕೋಳಿ

ಸುಣ್ಣ ಹಳೆಯದಾಗಿದ್ದರೆ ಆ ಲೆಕ್ಕ ನಡೆಯಲ್ಲ. ದ್ರಾವಣಕ್ಕೆ ಕತ್ತಿ ಅದ್ದಿ ನೋಡಿ. ಕೆಂಪಾದರೆ ಸುಣ್ಣ ಸಾಲದು ಅಂತ.

ನಿರ್ವಾಹಕರು

ಬೋರ್ಡೋ ದ್ರಾವಣಕ್ಕೆ ಬೇರೆ ದಾರ (ಥ್ರೆಡ್) ಇದೆ. ಇಲ್ಲಿ ತೃಪ್ತಿ ಮಾತ್ರ.

ಮಂಡಿ_ಹುಡುಗ

ಕತ್ತಿ ಅದ್ದಿ ನೋಡೋ ಹಾಗೆ ತೃಪ್ತಿಗೂ ಏನಾದರೂ ಇದ್ದಿದ್ದರೆ ಈ ದಾರವೇ ಬೇಕಿರಲಿಲ್ಲ.

ದಣಪೆ_ದಾಟಿದವಳು

ಒಂದು ಮುಖ್ಯ ವಿಷಯ ಯಾರೂ ಹೇಳಿಲ್ಲ. 11 ಬಂದರೆ ಖಿನ್ನತೆ ಅಂತಲ್ಲ, ಅದಕ್ಕೆ ಬೇರೆ ಪ್ರಶ್ನೆಗಳಿವೆ. ಆದರೆ ಅಮ್ಮನ ನಿದ್ದೆ, ಊಟ, ಮಾತು ಹೇಗಿದೆ ಅಂತ ಗಮನಿಸಿ. ಅದರಲ್ಲಿ ವ್ಯತ್ಯಾಸ ಕಂಡರೆ ಡಾಕ್ಟರ ಹತ್ತಿರ ಮಾತಾಡಿ. ಟೆಲಿ ಮಾನಸ್ ಅಂತ ಸರ್ಕಾರದ್ದು ಇದೆ, 14416, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನೊಂದು. ಅಮ್ಮ 1, 2 ಹಾಕಿದ್ದರ ಬಗ್ಗೆಯೇ ಎಲ್ಲರೂ ಮಾತಾಡುತ್ತಿದ್ದೀರಿ. ಆದರ್ಶ, ಜನ್ಮ, ಕೊಳೆ, ಎಲ್ಲಕ್ಕೂ ಕಾರಣ ಸಿಕ್ಕಿತು. ನಾಲ್ಕನೇದಕ್ಕೆ ಸುಮ್ಮನಿದ್ದು 3 ಅಂದರಲ್ಲ, ಅದು ಯಾಕೆ ಅಂತ ಕೇಳಿದಿರಾ?

ಕಾನಂಚಿನ_ಮನೆ

ಇಲ್ಲ.

ಲೆಕ್ಕದ_ಮೇಷ್ಟ್ರು

ಒಂದು ದಾರಿ ಹೇಳುತ್ತೇನೆ. ಡೇನಿಯಲ್ ಕಾನ್‌ಮನ್ ಮತ್ತಿತರರು 2004ರಲ್ಲಿ ಟೆಕ್ಸಾಸಿನ 909 ಹೆಂಗಸರಿಗೆ 'ನಿನ್ನೆಯ ದಿನವನ್ನು ತುಂಡು ತುಂಡಾಗಿ ನೆನಪಿಸಿಕೊಳ್ಳಿ' ಅಂದರು. ಆ ತುಂಡಿನಲ್ಲಿ ಏನು ಮಾಡುತ್ತಿದ್ದಿರಿ, ಯಾರ ಜೊತೆ ಇದ್ದಿರಿ, ಆಗ ಹೇಗೆ ಅನ್ನಿಸಿತು. ಈ ಪ್ರಶ್ನೆಗಳಲ್ಲಿ ಇಡೀ ಬದುಕಿನ ತೀರ್ಪು ಕೇಳುವುದಿಲ್ಲ. ಅಮ್ಮನಿಗೆ ಇದು ಒಗ್ಗಬಹುದು. ಹಾಳೆ ಹಿಡಿಯಬೇಡಿ, ಜೊತೆಗೆ ಕೂತು ಬೀನ್ಸ್ ಬಿಡಿಸುತ್ತಾ ಕೇಳಿ.

ಕಾನಂಚಿನ_ಮನೆ (ನಾಲ್ಕು ದಿನದ ಮೇಲೆ)

ಕೇಳಿದೆ. ಬೀನ್ಸ್ ಇರಲಿಲ್ಲ, ಕೆಸುವಿನ ಸೊಪ್ಪು.

ನಿನ್ನೆ ಐದೂವರೆಗೆ ಎದ್ದಿದ್ದು. ಕೊಟ್ಟಿಗೆ ಕೆಲಸ ಬೇಜಾರಿಲ್ಲ, ಖುಷಿಯೂ ಇಲ್ಲ, 'ಅದು ಆಗ್ಬೇಕು ಅಷ್ಟೇ'. ತಿಂಡಿ ಹೊತ್ತಿಗೆ ಅಪ್ಪಯ್ಯ ಚಟ್ನಿಗೆ ಉಪ್ಪು ಜಾಸ್ತಿ ಅಂದಿದ್ದು, ಅದಕ್ಕೆ ಇವಳು ಏನೂ ಹೇಳದೆ ಮಜ್ಜಿಗೆ ಇಟ್ಟಿದ್ದು. ಹನ್ನೊಂದಕ್ಕೆ ಮಂಗ ಬಂದಿದ್ದು. ಮಧ್ಯಾಹ್ನ ಅಪ್ಪಯ್ಯ ಮಲಗಿದ ಮೇಲೆ ಮಳೆ ಸ್ವಲ್ಪ ಹೊಳವಾಯ್ತಂತೆ. ಆಗ ಅಂಗಳದ ಡೇರೆ (ಡೇಲಿಯಾ) ಗಿಡಗಳ ಹತ್ತಿರ ಹೋಗಿ, ಬಾಗಿದ್ದಕ್ಕೆ ಕೋಲು ಕೊಟ್ಟು ಕಟ್ಟಿ, ಹುಳ ತೆಗೆದಳಂತೆ. "ಆಗ ಎಷ್ಟು ಹೊತ್ತು ಹೋಯ್ತು ಅಂತ ಗೊತ್ತಾಗ್ಲಿಲ್ಲ" ಅಂದಳು. ಬಿಳಿ ಅಂಚಿನ ನೇರಳೆ ಡೇರೆ ಅವಳ ತವರಿನದು. ಅದರ ಗಡ್ಡೆ ಎಲ್ಲೆಲ್ಲಿಗೆ ಹೋಗಿದೆ ಅಂತ ಬೆರಳು ಮಡಚಿ ಲೆಕ್ಕ ಹೇಳಿದಳು. ಹದಿನಾಲ್ಕು ಮನೆ. ಒಂದು ಮನೆಯವರು ಗಡ್ಡೆ ಕೊಳೆಸಿದರಂತೆ, ಅವರಿಗೆ ಇನ್ನು ಕೊಡುವುದಿಲ್ಲವಂತೆ.

ಆಮೇಲೆ ಆ 3 ಯಾಕೆ ಅಂತ ಕೇಳಿದೆ. ಸೊಪ್ಪಿನ ನಾರು ತೆಗೆಯುತ್ತಲೇ ಹೇಳಿದಳು. ಏಳನೇ ಕ್ಲಾಸಿಗೆ ಬಿಡಿಸಿದರಂತೆ. ಹೈಸ್ಕೂಲು ಹೊಳೆ ಆಚೆ. ಮಳೆಗಾಲದಲ್ಲಿ ಹೆಣ್ಣುಮಗಳನ್ನು ದೋಣಿ ದಾಟಿಸುವುದು ಯಾರು ಅಂತ ಅಜ್ಜ ಬೇಡ ಅಂದರಂತೆ. ಲೆಕ್ಕದಲ್ಲಿ ಯಾವಾಗಲೂ ಇವಳೇ ಮೊದಲಂತೆ. ಇದನ್ನು ನಲವತ್ತಾರು ವರ್ಷದಲ್ಲಿ ನನಗೂ ಹೇಳಿರಲಿಲ್ಲ, ಅಕ್ಕನಿಗೂ ಹೇಳಿರಲಿಲ್ಲ. "ನೀವು ಕೇಳ್ಲಿಲ್ಲ. ಆ ಹುಡುಗಿ ಕೇಳ್ತು" ಅಂದಳು.

ಅಂದರೆ ಐದರಲ್ಲಿ ನಾಲ್ಕು ಉತ್ತರ ಹಾದಿ ತಪ್ಪಿದವು, ಒಂದು ಸರಿಯಾಗಿಯೇ ಬಂದಿತ್ತು. ಅದು ನಮಗೆ ಕಾಣಲಿಲ್ಲ.

ಅಪ್ಪಯ್ಯನನ್ನೂ ಕೇಳಿದೆ, ನಿನ್ನೆಯ ದಿನ ಹೇಗಿತ್ತು ಅಂತ. "ನಿನ್ನೆ ಎಂತ ಇತ್ತು? ಕರೆಂಟೇ ಇರ್ಲಿಲ್ಲ. ಚಟ್ನಿಗೆ ಉಪ್ಪು." ಹಾಗಾದರೆ 33 ಯಾಕೆ ಹಾಕಿದಿರಿ ಅಂದೆ. "ಬಂದ ನೆಂಟರ ಎದುರು ಮನೆ ಮರ್ಯಾದೆ ತೆಗಿಲಿಕ್ಕೆ ಆಗ್ತದಾ?"

ಮಂಡಿ_ಹುಡುಗ

ಮೇಲೆ ರಾಶಿ, ಅಡಿಯಲ್ಲಿ ಗೊರಬಲು. ನಾನು ಹೇಳಿದ್ದೆ.

ದಣಪೆ_ದಾಟಿದವಳು

ಅಮ್ಮ ಲೆಕ್ಕದಲ್ಲಿ ಮೊದಲು ಅಂದರಲ್ಲ, ತೋಟದ ಲೆಕ್ಕ ಈಗ ಯಾರು ಬರೆಯುತ್ತಾರೆ?

ಕಾನಂಚಿನ_ಮನೆ

ಅಪ್ಪಯ್ಯ. ಕೂಡಿಸುವುದು ಅಮ್ಮ.

ಕನ್ನಡಿ_ಕನ್ನಡ

ಆ ಹುಡುಗಿಗೆ ಒಂದು ಮಾತು ತಲುಪಿಸಿ. 'ಆದರ್ಶ' ತೆಗೆಯಲಿ. ನಾಲ್ಕನೇ ವಾಕ್ಯವನ್ನು ಮುಟ್ಟುವುದು ಬೇಡ.

ಕೊಪ್ಪದ_ಕಾಫಿ

ಆ ಬಿಳಿ ಅಂಚಿನ ನೇರಳೆ ಡೇರೆ ನನ್ನ ಹೆಂಡತಿ ಆರು ವರ್ಷದಿಂದ ಹುಡುಕುತ್ತಿದ್ದಾಳೆ. ಒಂದು ಗಡ್ಡೆ ಸಿಗಬಹುದಾ? ಕೊಪ್ಪದ ಬಸ್ಸಿಗೆ ಹಾಕಿದರೂ ಸಾಕು, ನಾನು ಸ್ಟ್ಯಾಂಡಿನಲ್ಲಿ ತಗೋತೇನೆ.

ಕಾನಂಚಿನ_ಮನೆ

ಅಮ್ಮನಿಗೆ ಓದಿ ಹೇಳಿದೆ. ಗಿಡ ಒಣಗಲಿ, ಗಡ್ಡೆ ಕೀಳುವಾಗ ನೋಡೋಣ ಅಂದಳು. ನಿಮ್ಮ ಅಂಗಳದಲ್ಲಿ ನೀರು ನಿಲ್ಲುತ್ತಾ ಅಂತ ಕೇಳುತ್ತಿದ್ದಾಳೆ.